ಟಚಿಂಗ್ ಮಾಡದ ಪ್ರತಿ

ಎಡಗೆನ್ನೆಯ ಮೇಲೆ ಹಂಡೆಯ ಬಿಸಿನೀರು ಬರೆದಾಗ
ನನಗೆ ಆರು ವರ್ಷ.
ಹತ್ತೊಂಬತ್ತಕ್ಕೆ ಅದನ್ನು ಅಳಿಸಿದವಳು ಮರುದೇವಿ,
ಧರಣಪ್ಪನವರ ಸ್ಟುಡಿಯೋದ ಹಿಂಗೋಣೆಯಲ್ಲಿ,
ನೆಗೆಟಿವಿನ ಹಿಂದೆ ಬಲ್ಬು ಹಚ್ಚಿ
ಕೂದಲೆಳೆಯಷ್ಟು ಚೂಪಾದ ಪೆನ್ಸಿಲಿನಿಂದ.
ಮಗಳಿಗೆ ಕ್ಯಾಮೆರಾ ಮುಟ್ಟಲು ಬಿಡದ ಅಪ್ಪ
ಮುಖಗಳನ್ನು ಮುಟ್ಟಲು ಬಿಟ್ಟಿದ್ದರು.

ಕಟ್ಟಿನಕೆರೆ ಮಾರ್ಕೆಟ್ಟಿನ ಮಗ್ಗುಲಲ್ಲಿ ಮೆಟ್ಟಿಲು ಹತ್ತಿದರೆ
ಪರದೆಯಲ್ಲಿ ಬಣ್ಣದ ಸರೋವರ, ಎರಡು ಹಂಸ.
ಹಾಸನದ ಅರ್ಧ ಹುಡುಗಿಯರು ಆ ದಡದಲ್ಲಿ ನಿಂತೇ
ಗಂಡನ ಮನೆಗೆ ಹೋದದ್ದು,
ಒಬ್ಬಳ ಕಾಲೂ ಒದ್ದೆಯಾಗದೆ.

ನನ್ನ ಫೋಟೋ ಹೊಳೆನರಸೀಪುರಕ್ಕೆ ಹೋಗಿ
ಒಪ್ಪಿಗೆಯಾಗಿ ಬಂತು.
ಹಿಂದೆಯೇ ಅವರೂ ಬಂದರು, ನನ್ನನ್ನು ನೋಡಿ
ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.
ಅಮ್ಮ ಸ್ಟುಡಿಯೋಕ್ಕೆ ನುಗ್ಗಿ ಕೂಗಾಡಿದಳು:
"ಅಳಿಸೋದಾದ್ರೆ ಕೆನ್ನೆ ಮೇಲಿಂದನೇ ಅಳಿಸಬೇಕಿತ್ತು ಕಣೇ!"
ಮರುದೇವಿ ತುಟಿ ಬಿಚ್ಚಲಿಲ್ಲ.
ಪೆನ್ಸಿಲು ಕಿವಿಗೆ ಸಿಕ್ಕಿಸಿ ನನ್ನನ್ನೇ ನೋಡಿದಳು,
ಬೆಳಕು ಅಳೆಯುವವಳ ಹಾಗೆ.

ಧರಣಪ್ಪನವರ ಬಲಗೈ ಬಿದ್ದುಹೋದ ವರ್ಷ
ಕ್ಯಾಮೆರಾ ಅವಳ ಕೊರಳಿಗೆ ಬಂತು.
ತಾಳಿ ಬರಬೇಕಾದ ಜಾಗಕ್ಕೆ, ಎಂದಿತು ಬೀದಿ.
ಆ ಮಾತು ಅವಳಿಗೆ ಹಿಡಿಸಿತು.
ಮದುವೆಗೆ ಕರೆದರು, ಹೋದಳು.
ಧಾರೆಯ ಹೊತ್ತಿಗೆ ಮಂಟಪಕ್ಕೆ ಬೆನ್ನು ಮಾಡಿ
ಹಿತ್ತಿಲಲ್ಲಿ ಕೊಪ್ಪರಿಗೆ ಉಜ್ಜುತ್ತಿದ್ದವರನ್ನು ತೆಗೆದಳು.
ಮುಂಗಡ ವಾಪಸು ಕೇಳಿದರು.
ಕೊಟ್ಟಳು.

ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಸಾಲಿನಲ್ಲಿ
ಹದಿನಾರನೆಯವಳು ನಾನು.
ಕಪ್ಪು ಬೀಜ, ಒಡಕು ಬೀಜ, ಹುಳು ಕೊರೆದದ್ದು, ಆಚೆಗೆ.
ಒಂದು ತಿಂಗಳು ಕ್ಯಾಮೆರಾ ಚೀಲದಲ್ಲೇ ಬಿಟ್ಟು
ನಮ್ಮ ಜೊತೆ ಆರಿಸಿದಳು. ನಿಧಾನ. ಮೇಸ್ತ್ರಿ ಬೈದ.
"ಆಚೆಗೆ ಹಾಕಿದ್ದನ್ನ ಏನು ಮಾಡ್ತಾರೆ?"
"ಅದನ್ನೂ ಮಾರ್ತಾರಕ್ಕ. ನಾವು ಕುಡಿಯೋದು ಅದನ್ನೇ."
ಅವತ್ತು ಚೀಲದ ಜಿಪ್ಪು ಎಳೆದಳು.

ಚಿತ್ರಗಳು ಎಲ್ಲೆಲ್ಲಿಗೋ ಹೋದವು.
ಯಾವುದೋ ದೇಶದ ಬಿಳಿ ಗೋಡೆಯಲ್ಲಿ
ದ್ಯಾವಮ್ಮನ ಎರಡು ಬೆರಳು, ಆಳೆತ್ತರ.
ಸುದ್ದಿ ಕೇಳಿ ದ್ಯಾವಮ್ಮ ಸೆರಗಿನಲ್ಲಿ ಅದೇ ಬೆರಳು ಒರೆಸಿಕೊಂಡು
"ಕೂಲಿ ಎಷ್ಟು ಕೊಟ್ರವ್ವ ಅದಕ್ಕೆ?" ಎಂದಳು.
ಮರುದೇವಿ ಆ ರಾತ್ರಿ ಉಣ್ಣಲಿಲ್ಲ.
ಮುಂದೆ ಮಾರಿದ್ದರಲ್ಲೆಲ್ಲ ಅರ್ಧ ನಮ್ಮದು.
ವಹಿ ಇದೆ. ನನ್ನ ಸಹಿ ಇದೆ. ದ್ಯಾವಮ್ಮನ ಹೆಬ್ಬೆಟ್ಟು,
ಅದೇ ಅವಳ ಎಲ್ಲಕ್ಕಿಂತ ಒಳ್ಳೆಯ ಫೋಟೋ
ಎನ್ನುತ್ತಿದ್ದಳು ಮರುದೇವಿ.

ಒಂದು ಆಶ್ವೀಜ, ಹಾಸನಾಂಬೆಯ ಬಾಗಿಲು ತೆರೆದಾಗ
ಒಂಬತ್ತು ಗಂಟೆ ಸಾಲಲ್ಲಿ ನಿಂತೆವು.
ಅಲ್ಲೊಂದು ಸೊಸೆಕಲ್ಲು. ಅತ್ತೆಯ ಏಟಿಗೆ ಕಲ್ಲಾದವಳು
ವರ್ಷಕ್ಕೊಂದು ಅಕ್ಕಿಕಾಳಿನಷ್ಟು
ದೇವಿಯ ಕಡೆ ಸರಿಯುತ್ತಾಳಂತೆ.
ಹೊರಗೆ ಬಂದು, ಚಪ್ಪಲಿ ಹುಡುಕುತ್ತ, ಹೇಳಿದಳು:
"ಬಾಗಿಲು ಮುಚ್ಚೋ ಮುಂಚೆ ಶಟರ್ ತೆರೆದಿಟ್ಟು ಬರಬೇಕು.
ವರ್ಷವಿಡೀ ಆರಲ್ಲವಂತೆ ಆ ದೀಪ, ಅಷ್ಟು ಬೆಳಕು ಸಾಕು.
ಅಂಚಲ್ಲಿ ಕಾಳಿನಷ್ಟು ಮಸುಕಾಗಿ ಬರ್ತಾಳೆ.
ಹಾಳಾಯ್ತು ಅಂತಾರೆ ಜನ.
ಮಸುಕು ಅಂದ್ರೆ ಅಲುಗಿದಾಳೆ ಅಂತ ಅಲ್ವೇನೆ?"

ಮೊನ್ನೆ ಸ್ಟುಡಿಯೋ ಖಾಲಿ ಮಾಡುವಾಗ ಕರೆಸಿದಳು.
ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು
ನಂಬರು ಓದಿದಳು: ನಾಲ್ಕು ಸಾವಿರದ ನಾನೂರ ಹದಿನೇಳು.
ಟರ್ಪೆಂಟೈನಿನ ಹತ್ತಿಯಲ್ಲಿ
ತನ್ನದೇ ಸೀಸವನ್ನು ಒರೆಸಿದಳು.
ಕೆಂಪು ಬೆಳಕಿನಲ್ಲಿ, ತಟ್ಟೆಯ ನೀರಿನಿಂದ
ಜಡೆ ಎದ್ದಿತು, ಕಣ್ಣೆದ್ದಿತು, ಜೊತೆಗೇ ಕೆನ್ನೆ.

ಈಗ ನನ್ನ ಸುಕ್ಕುಗಳ ನಡುವೆ
ಆ ಗಾಯ ಎಲ್ಲೆಂದು ನಾನೇ ತಡಕಾಡುತ್ತೇನೆ.
ಇವಳ ಹತ್ತಿರ ಇದೆ, ಈ ಹಂಸದ ಪಕ್ಕದವಳ ಹತ್ತಿರ,
ಹೊಚ್ಚ ಹೊಸದು.

"ಎಷ್ಟಾಯ್ತಕ್ಕ?"
"ಮೂರು ಪ್ರತಿಗೆ ಹನ್ನೆರಡು, ಅವತ್ತೇ ಕೊಟ್ಟಿದಾರೆ ನಿಮ್ಮಮ್ಮ.
ಟಚಿಂಗಿಗೆ ಬೇರೆ ಎರಡು ತಗೊಂಡಿದ್ವಿ."
ಡ್ರಾಯರು ಎಳೆದು, ತಡವಿ,
ಎರಡು ರೂಪಾಯಿಯ ಬಿಲ್ಲೆ ನನ್ನ ಅಂಗೈಗಿಟ್ಟಳು.
ಮನೆಗೆ ಬಂದು ಕೈ ತೊಳೆದೆ.
ಹೋಗಿಲ್ಲ ಇನ್ನೂ, ಹೈಪೋ ವಾಸನೆ.